ಆರು ಬುಗುರಿಗಳ ಕಾವಲು

ಬಿಡದಿ ಕೈಗಾರಿಕಾ ಪ್ರದೇಶದ ಹಿಂಬದಿಯ ರಸ್ತೆಯಲ್ಲಿ ಬೀದಿದೀಪ ಇನ್ನೂ ಆರಿಲ್ಲ. ಸಣ್ಣದೊಂದು ಎರಕದ ಕಾರ್ಖಾನೆಯ ಶೆಡ್ಡಿನೊಳಗೆ ಹಬೀಬ್ ಒಬ್ಬರೇ ನಿಂತಿದ್ದಾರೆ. ಹೆಗಲ ಮೇಲೆ ಟವೆಲು, ಕಾಲಿಗೆ ಕಂಪನಿಯ ದಪ್ಪ ಬೂಟು, ಎದುರಿಗೆ ಆಳೆತ್ತರದ ಕಬ್ಬಿಣದ ಚೌಕಟ್ಟು. ಚೌಕಟ್ಟಿನಲ್ಲಿ ಸಾಲಾಗಿ ಆರು ಗಾಜಿನ ಕೊಳವೆಗಳು. ಒಂದೊಂದರ ತಳದಲ್ಲೂ ಹೆಬ್ಬೆರಳು ಗಾತ್ರದ ಉಕ್ಕಿನ ತುಂಡೊಂದು ಮಲಗಿದೆ. ಪಂಪು ಆಗಲೇ ಗುಂಯ್‌ಗುಡುತ್ತಿದೆ. ಹಬೀಬ್ ಮೊದಲ ವಾಲ್ವಿನ ಹಿಡಿಯನ್ನು ಒಂಚೂರು ತಿರುಗಿಸುತ್ತಾರೆ, ನಿಲ್ಲಿಸುತ್ತಾರೆ, ಗಾಜಿನೊಳಗೆ ಇಣುಕುತ್ತಾರೆ, ಮತ್ತೆ ಒಂಚೂರು ತಿರುಗಿಸುತ್ತಾರೆ. ಕೆಳಗಿನಿಂದ ಬಂದ ನೀರು ಉಕ್ಕಿನ ತುಂಡನ್ನು ಎಬ್ಬಿಸುತ್ತದೆ. ಅದು ಒಮ್ಮೆ ನಡುಗಿ, ತನ್ನಷ್ಟಕ್ಕೆ ಸುತ್ತುತ್ತ ಮೇಲೇರಿ, ಗಾಜಿನ ಮೇಲಿನ ಗೆರೆಯೊಂದರ ನೇರಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಎರಡನೆಯದು, ಆಮೇಲೆ ಮೂರನೆಯದು. ಅವಸರದ ಮನುಷ್ಯ ಈ ಜಾಗದಲ್ಲಿ ಒಂದು ದಿನವೂ ಬಾಳಲಾರ.

ಹರಿಯುವ ನೀರನ್ನು ಅಳೆಯುವ ಈ ಸಾಧನಕ್ಕೆ ರೋಟಾಮೀಟರ್ ಎಂದು ಹೆಸರು. ಶೆಡ್ಡಿನಲ್ಲಿ ಮಾತ್ರ ಯಾರೂ ಹಾಗೆ ಕರೆಯುವುದಿಲ್ಲ. ಒಳಗೆ ಸುತ್ತುವ ತುಂಡು ಬುಗುರಿ, ಇಡೀ ಚೌಕಟ್ಟು ಬುಗುರಿ ಬೋರ್ಡು. ಮರದ ಆಟಿಕೆಗಳ ಚನ್ನಪಟ್ಟಣ ಪಕ್ಕದಲ್ಲೇ ಇರುವಾಗ ಬೇರೆ ಹೆಸರು ಹೊಳೆಯುವುದಾದರೂ ಹೇಗೆ. ನೀರು ಜಾಸ್ತಿ ಬಂದರೆ ಬುಗುರಿ ಮೇಲೆ, ಕಡಿಮೆಯಾದರೆ ಕೆಳಗೆ, ನಿಂತರೆ ತಳಕ್ಕೆ. ನೋಡುವುದಕ್ಕೆ ಮಕ್ಕಳಾಟದಂತಿದೆ.

ಆಟವಲ್ಲ ಎಂಬುದು ಬೋರ್ಡಿನ ಆಚೆ ಇರುವ ಕುಲುಮೆಯನ್ನು ಕಂಡಾಗ ತಿಳಿಯುತ್ತದೆ. ಕುಲುಮೆಯ ಸುತ್ತ ತಾಮ್ರದ ಕೊಳವೆಯನ್ನು ಸುರುಳಿ ಸುತ್ತಿದ್ದಾರೆ. ತಾಮ್ರದಲ್ಲಿ ಕರೆಂಟು ಹರಿದರೆ ಒಳಗಿನ ಗುಜರಿ ಕಬ್ಬಿಣ ಪಾಯಸದಂತೆ ಕರಗುತ್ತದೆ. ಆ ತಾಮ್ರವೇ ಸುಟ್ಟುಹೋಗದಿರಲಿ ಎಂದು ಅದರ ಹೊಟ್ಟೆಯೊಳಗೆ ಆರು ದಾರಿಗಳಲ್ಲಿ ಸದಾ ತಣ್ಣೀರು ಓಡುತ್ತಿರುತ್ತದೆ. ದಾರಿಗೊಂದು ಗಾಜು, ಗಾಜಿಗೊಂದು ಬುಗುರಿ. ಒಂದು ದಾರಿಯ ನೀರು ನಿಂತರೂ ಅಲ್ಲಿನ ತಾಮ್ರ ಕಾದು ತೂತಾಗುತ್ತದೆ, ತೂತಿನಿಂದ ಚಿಮ್ಮಿದ ನೀರು ಕರಗಿದ ಕಬ್ಬಿಣಕ್ಕೆ ಸೇರುತ್ತದೆ. ಒಂದು ಚೊಂಬು ನೀರು ಸಾಕು, ಶೆಡ್ಡಿನ ಚಾವಣಿ ಹಾರಿಹೋಗಲು. ಕುಲುಮೆಯ ಕಟ್ಟೆಯ ಮೇಲೆ ನಿಂತವರ ಗತಿಯನ್ನು ಇಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಆರೂ ಬುಗುರಿಗಳು ಎದ್ದು ನಿಂತಿವೆ. ಹಬೀಬ್ ಟವೆಲಿನಿಂದ ಗಾಜುಗಳನ್ನು ಒರೆಸುತ್ತಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. ಇವತ್ತು ಅವರಿಗೆ ಕೈ ನಿಲ್ಲುತ್ತಿಲ್ಲ. ಇದು 2008ರ ಅಕ್ಟೋಬರ್, ರಂಜಾನ್ ಹಬ್ಬ ಮುಗಿದು ವಾರವೂ ಆಗಿಲ್ಲ, ಇನ್ನೆರಡು ದಿನ ಕಳೆದರೆ ಆಯುಧಪೂಜೆ. ಶೆಡ್ಡಿನವರೆಲ್ಲ ವಾರದಿಂದ ಬಣ್ಣದ ಕಾಗದ, ಬೂದುಗುಂಬಳ, ಬಾಳೆಕಂದಿನ ಮಾತಾಡಿಕೊಳ್ಳುತ್ತಿದ್ದಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಹಬೀಬ್ ಗಾಜುಗಳ ಕಡೆಗೆ ತಿರುಗಿಬಿಡುತ್ತಾರೆ.

"ಹಬ್ಬ ಅಂದ್ರೆ ನಂಗೂ ಕುಸಿನೇ. ಆದ್ರೆ ಹೋದ ವರ್ಸದ್ದು ನೆಪ್ಪಾದ್ರೆ ಊಟ ಇಳಿಯಾಕಿಲ್ಲ" ಎನ್ನುತ್ತಾರೆ.

ಹೋದ ವರ್ಷದ ಕತೆಗೆ ಹೋಗುವ ಮೊದಲು ಮನುಷ್ಯನ ಪರಿಚಯವಾಗಬೇಕು. ಹಬೀಬ್ ರಾಮನಗರದವರು. ಐವತ್ತರ ಹತ್ತಿರದ ಸಣಕಲು ದೇಹ, ನರೆತ ಗಡ್ಡ, ಮಾತಿಗಿಂತ ಮೊದಲು ಮುಖದಲ್ಲಿ ಮೂಡುವ ಸಂಕೋಚ. ಅಪ್ಪನ ಕಾಲದಿಂದ ಮನೆಯಲ್ಲಿ ರೇಷ್ಮೆ ಬಿಚ್ಚಣಿಕೆ. ಗೂಡು ಬೇಯುವ ಬಿಸಿನೀರಿನ ಬೇಸಿನ್ನಿನ ಮುಂದೆ ಕೂತು ಎಳೆ ಹಿಡಿಯುವುದನ್ನು ಹಬೀಬ್ ಮಗ್ಗಿ ಕಲಿಯುವ ಮೊದಲೇ ಕಲಿತರು. ಕುದಿಗೆ ಹತ್ತಿರದ ನೀರಿನಲ್ಲಿ ಬೆರಳು ಅದ್ದಿ ಅದ್ದಿ, ಅವರ ಕೈಬೆರಳ ತುದಿಗಳು ಬಿಳಿಚಿಕೊಂಡು ದಪ್ಪಗಟ್ಟಿವೆ. ಟೀ ಅಂಗಡಿಯಲ್ಲಿ ಎಲ್ಲರೂ ಗ್ಲಾಸನ್ನು ಅಂಚು ಹಿಡಿದು ಊದುವಾಗ ಇವರು ಮುಷ್ಟಿ ಕಟ್ಟಿ ಹಿಡಿದಿರುತ್ತಾರೆ.

ಚೀನಾದ ರೇಷ್ಮೆ ಬಂದಿಳಿದ ಮೇಲೆ ರಾಮನಗರದ ಸಣ್ಣ ಬೇಸಿನ್ನುಗಳು ಒಂದೊಂದಾಗಿ ಆರಿದವು, ಹಬೀಬ್ ಮನೆಯದ್ದೂ ಆರಿತು. ಹೆಂಡತಿ ಮಜೀದಾ ರೇಷ್ಮೆ ನೂಲು ತೆಗೆಯುವ ಒಂದು ದೊಡ್ಡ ಫಿಲೇಚರ್ ಕಾರ್ಖಾನೆಯಲ್ಲಿ ಗೂಡು ಬಿಡಿಸುವ ಕೆಲಸಕ್ಕೆ ಸೇರಿಕೊಂಡರು. ಹಬೀಬ್ ಅಲ್ಲಿ ಇಲ್ಲಿ ತಿರುಗಿ, ಕೊನೆಗೆ ಬಿಡದಿಯ ಬಸ್ಸು ಹತ್ತಿದರು. ಹೆದ್ದಾರಿಯ ಎರಡೂ ಬದಿಗೆ ಆಗ ದಿನಕ್ಕೊಂದು ಶೆಡ್ಡು ಏಳುತ್ತಿತ್ತು, ಕಾರಿನ ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಕಂಪನಿಗಳಿಗೆ ಜನ ಬೇಕಾಗಿತ್ತು. ಏನು ಕೆಲಸ ಗೊತ್ತು ಎಂದು ಇಲ್ಲಿನವರು ಕೇಳಿದಾಗ ಹಬೀಬ್, ಬಿಸಿನೀರು ನೋಡುವುದು ಗೊತ್ತು ಎಂದರಂತೆ. ಹಾಗಾದರೆ ತಣ್ಣೀರು ನೋಡಿಕೊಳ್ಳಿ ಎಂದು ಈ ಬೋರ್ಡಿನ ಮುಂದೆ ನಿಲ್ಲಿಸಿದರು. ಅವತ್ತಿನಿಂದ ನಿಂತಿದ್ದಾರೆ.

ಬುಗುರಿಯ ಗುಣ ಕಲಿಸಿದ್ದು ಪ್ರತಿಮಾ. ಮಾಗಡಿ ತಾಲ್ಲೂಕಿನ ಕುದೂರಿನ ಹುಡುಗಿ, ಡಿಪ್ಲೊಮಾ ಮುಗಿಸಿ ಕಾರ್ಖಾನೆಯ ಮೀಟರುಗಳ ಜವಾಬ್ದಾರಿ ಹೊತ್ತವರು. ಮೊದಲ ವಾರವೇ ಹಬೀಬ್ ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಇದು ಸುಮ್ಮನೆ ಗೋಡೆಗೆ ತೂಗುಹಾಕುವ ಗಡಿಯಾರವಲ್ಲ, ತನಗೆ ಬೇಕಾದ ಹಾಗೆ ನಡೆಸಿಕೊಂಡರೆ ಮಾತ್ರ ನಿಜ ಹೇಳುತ್ತದೆ ಎಂದರು. ಕೊಳವೆ ನೆಟ್ಟಗೆ ನಿಂತಿರಬೇಕು, ಕೊಂಚ ವಾಲಿದರೂ ಬುಗುರಿ ಗಾಜಿಗೆ ಉಜ್ಜಿ ತಪ್ಪು ತೋರಿಸುತ್ತದೆ. ಅದಕ್ಕೇ ಗಾರೆಯವರು ಹಿಡಿಯುವಂಥ ದಾರದ ಗುಂಡನ್ನು ಇಳಿಬಿಟ್ಟು ನೋಡಬೇಕು. ನೀರು ಯಾವಾಗಲೂ ಕೆಳಗಿನಿಂದಲೇ ಬರಬೇಕು. ವಾಲ್ವನ್ನು ದಡಕ್ಕನೆ ತೆಗೆದರೆ ಬುಗುರಿ ಗುಂಡಿನಂತೆ ಹಾರಿ ಗಾಜಿನ ನೆತ್ತಿಗೆ ಬಡಿಯುತ್ತದೆ, ಗಾಜು ಸೀಳುತ್ತದೆ. ನೀರಿನಲ್ಲಿ ಗಾಳಿ ಸೇರಿದರೆ ಬುಗುರಿ ಕುಣಿಯುತ್ತದೆ. ಗಾಜಿನ ಮೇಲಿನ ಅಂಕಿಗಳು ಬರೀ ನೀರಿಗೆ ಹಾಕಿದವು, ಅದೇ ಗಾಜಿನಲ್ಲಿ ಎಣ್ಣೆ ಹರಿಸಿದರೆ ಅಂಕಿಗೆ ಅರ್ಥವೇ ಇಲ್ಲ. ಹತ್ತಿರದಲ್ಲಿ ಅದುರುವ ಯಂತ್ರ ಇರಕೂಡದು. ಈ ಶೆಡ್ಡಿನಲ್ಲಿ ಕಂಪ್ರೆಸರನ್ನು ಬೋರ್ಡಿನ ಪಕ್ಕಕ್ಕೇ ತಂದು ಕೂರಿಸಿದ್ದರು. ಪ್ರತಿಮಾ ಹಟ ಹಿಡಿದು ಅದನ್ನು ಆಚೆಯ ಮೂಲೆಗೆ ಸಾಗಿಸಿದರು.

ಇವೆಲ್ಲಕ್ಕಿಂತ ಹೆದರಬೇಕಾದದ್ದು ಅಂಟಿಕೊಂಡ ಬುಗುರಿಗೆ. ನೀರಿನ ಸುಣ್ಣವೋ ಪಾಚಿಯೋ ಮೆತ್ತಿಕೊಂಡು ಬುಗುರಿ ಇದ್ದಲ್ಲೇ ಕಚ್ಚಿಕೊಂಡರೆ, ನೀರು ನಿಂತರೂ ಅದು ಕೆಳಗಿಳಿಯುವುದಿಲ್ಲ. ಎಲ್ಲ ಸರಿಯಾಗಿದೆ ಎಂದು ತೋರಿಸುತ್ತಲೇ ಇರುತ್ತದೆ. ಆದ್ದರಿಂದ ಹಬೀಬ್ ಬುಗುರಿಯನ್ನು ನೋಡಿ ಸುಮ್ಮನಿರುವುದಿಲ್ಲ, ಅದನ್ನು ಆಡಿಸಿಯೇ ನೋಡುತ್ತಾರೆ. ವಾಲ್ವನ್ನು ಕೊಂಚ ಬಿಗಿ ಮಾಡಿದರೆ ಬುಗುರಿ ಇಳಿಯಬೇಕು, ಬಿಟ್ಟರೆ ಏರಬೇಕು. ಒಂದಾದ ಮೇಲೊಂದು ಆರನ್ನೂ ಹೀಗೆ ಆಡಿಸಿ, ಮತ್ತೆ ಮೊದಲಿನದಕ್ಕೆ ಬರುತ್ತಾರೆ. ಪಾಳಿಗೆ ನಾಲ್ಕೈದು ಸಲ ಕಬ್ಬಿಣ ಕರಗುತ್ತದೆ, ಕರಗುವಷ್ಟು ಹೊತ್ತೂ ಇದೇ ಕೆಲಸ. ದಿನಕ್ಕೆ ಎಷ್ಟು ಸಲ ಆಡಿಸುತ್ತೀರಿ ಎಂದರೆ ನಗುತ್ತಾರೆ.

"ಎಣ್ಸಾಕೆ ಹೋದ್ರೆ ನೋಡಾಕೆ ಆಗಾಕಿಲ್ಲ. ಕಣ್ಣು ಗಾಜಿನ್ ಮ್ಯಾಲೆ, ಜೀವ ಕೈಯಾಗೆ. ಬಸ್ಸಾಗೆ ಮನ್ಗಿದ್ರೂ ಆರೂ ಕಣ್ ಮುಂದೆ ಸುತ್ತುತಾವೆ."

ಹೋದ ವರ್ಷ ಆಯುಧಪೂಜೆಗೆ ಮುಂಚೆ ಕಾರ್ಖಾನೆಯನ್ನು ತೊಳೆದು ಬಳಿದು ಮದುವಣಗಿತ್ತಿ ಮಾಡಿದ್ದರು. ಯಂತ್ರದ ಜಿಡ್ಡು ತೆಗೆದರು, ನೆಲ ಉಜ್ಜಿದರು. ಉತ್ಸಾಹ ಅಲ್ಲಿಗೇ ನಿಲ್ಲದೆ, ತಣ್ಣೀರಿನ ತೊಟ್ಟಿಗೂ ಇಳಿದು ಪೊರಕೆಯಿಂದ ಗೋಡೆಗಳನ್ನು ಕೆರೆದರು. ವರ್ಷಗಟ್ಟಲೆ ಅಂಟಿಕೊಂಡಿದ್ದ ಪಾಚಿ, ಸುಣ್ಣದ ಹಕ್ಕಳೆ ಕಿತ್ತುಬಂದವು. ಕೊಳೆ ನೀರನ್ನು ಚೆಲ್ಲಿ ಹೊಸ ನೀರು ತುಂಬಿದರು. ತಳದಲ್ಲಿ ಉಳಿದ ಚೂರುಗಳ ಕಡೆ ಯಾರ ಲಕ್ಷ್ಯವೂ ಹೋಗಲಿಲ್ಲ.

ಪೂಜೆ ಮಾಡಿದವರು ಲಿಂಗಯ್ಯ. ಸಾವನದುರ್ಗದ ಬುಡದ ಹಳ್ಳಿಯವರು, ಹಬೀಬ್ ಅವರಿಗಿಂತ ನಾಲ್ಕು ವರ್ಷ ಹಿರಿಯರು, ಕುಲುಮೆಯ ಕಟ್ಟೆಯ ಮೇಲೆ ನಿಂತು ಕಬ್ಬಿಣ ಕರಗಿಸುವ ಹಿರೇ ಆಳು. ಊರಿನಲ್ಲಿ ನೇಗಿಲಿಗೆ ಪೂಜೆ ಮಾಡಿದಷ್ಟೇ ಭಕ್ತಿಯಿಂದ ಇಲ್ಲಿ ಮೋಟರಿಗೂ ಮಾಡುತ್ತಾರೆ. ಅವತ್ತು ಬುಗುರಿ ಬೋರ್ಡಿಗೂ ಚೆಂಡುಹೂವಿನ ಹಾರ ಬಿತ್ತು. ಇಷ್ಟೆಲ್ಲ ಕಾಪಾಡುವ ಗಾಜುಗಳಿಗೆ ಬರೀ ಹಾರವೇ ಎಂದುಕೊಂಡು ಲಿಂಗಯ್ಯ ಆರು ಕೊಳವೆಗೂ ಗಂಧ ಕಲಸಿದ ವಿಭೂತಿ ಬಳಿದು, ನಟ್ಟನಡುವೆ ಕಾಸಗಲದ ಕುಂಕುಮ ಇಟ್ಟರು. ಮೂರನೆಯ ಕೊಳವೆಗೆ ಬರುವಾಗ ಕೈ ಇನ್ನಷ್ಟು ಧಾರಾಳವಾಯಿತು, ಗಂಧ ತಳದವರೆಗೂ ಇಳಿಯಿತು. ಎಲ್ಲರೂ ಕೈಮುಗಿದರು. ಹಬೀಬ್ ಕೂಡ ಪಕ್ಕದಲ್ಲಿ ನಿಂತು ಪ್ರಸಾದದ ಕಡಲೆಪುರಿ ತಿಂದರು. ಗಾಜು ಮುಚ್ಚಿಹೋಯಿತು ಎಂಬುದು ಆ ಸಡಗರದಲ್ಲಿ ಅವರಿಗೂ ಹೊಳೆಯಲಿಲ್ಲ.

ಹೊಳೆದದ್ದು ರಜೆ ಮುಗಿಸಿ ಬಂದ ಬೆಳಗ್ಗೆ. ಗಂಧ ಒಣಗಿ ಗಾಜಿಗೆ ಕಚ್ಚಿಕೊಂಡಿತ್ತು. ಹಬೀಬ್ ವಾಲ್ವುಗಳನ್ನು ತೆಗೆದರು, ಬುಗುರಿಗಳು ಎದ್ದು ಕುಂಕುಮದ ಹಿಂದೆ ಮರೆಯಾದವು. ಐದರಲ್ಲಿ ಗಾಜಿನ ಮೇಲ್ಭಾಗ, ಕೆಳಭಾಗವಾದರೂ ಕಾಣುತ್ತಿತ್ತು. ಬುಗುರಿ ತಳದಲ್ಲಿಲ್ಲ ಎಂದರೆ ನಡುವೆ ಇದೆ ಎಂದು ಲೆಕ್ಕ ಹಾಕಬಹುದು. ಮೂರನೆಯದರಲ್ಲಿ ಏನೆಂದರೆ ಏನೂ ಕಾಣಲಿಲ್ಲ.

ಹೆಗಲ ಮೇಲೆ ಟವೆಲಿತ್ತು, ಒರೆಸಿದ್ದರೆ ಮುಗಿಯುತ್ತಿತ್ತು. ಕೈ ಮೇಲೇಳಲಿಲ್ಲ. ಅದು ಪೂಜೆಯ ಕುಂಕುಮ, ಇಟ್ಟವರು ಲಿಂಗಯ್ಯ, ಒರೆಸಬೇಕಾದವರು ತಾನು. ದೇವರಿಗಿಟ್ಟದ್ದನ್ನು ಸಾಬರು ಒರೆಸಿಹಾಕಿದರು ಎಂಬ ಮಾತು ಒಂದು ಬಾಯಿಂದ ಹೊರಟರೆ ಊರು ತಲುಪುವಷ್ಟರಲ್ಲಿ ಏನಾಗಿರುತ್ತದೋ ಯಾರು ಬಲ್ಲರು. ಅಷ್ಟು ವರ್ಷದಲ್ಲಿ ಯಾರೂ ಅವರನ್ನು ಬೇರೆಯಾಗಿ ಕಂಡವರಲ್ಲ, ಕಾಣುವಂತೆ ತಾನಾಗಿ ಯಾಕೆ ಮಾಡಿಕೊಳ್ಳಬೇಕು. ಲಿಂಗಯ್ಯನವರ ಕೈಯಲ್ಲೇ ಒರೆಸಿಸೋಣ ಎಂದುಕೊಂಡರು. ಲಿಂಗಯ್ಯ ಆಗ ಕಟ್ಟೆಯ ಮೇಲೆ ಗುಜರಿ ತುಂಬಿಸುತ್ತಿದ್ದರು. ಇಳಿದು ಬರಲಿ, ಹೇಳೋಣ ಎಂದು ಕಾದರು. ಅಷ್ಟರಲ್ಲಿ ಕರೆಂಟು ಕೊಟ್ಟಾಗಿತ್ತು, ಕಬ್ಬಿಣ ಕೆಂಪಾಗತೊಡಗಿತ್ತು.

ಸುಮ್ಮನೆ ಕೂರಲಿಲ್ಲ ಅವರು. ಮೂರನೆಯ ದಾರಿಯಿಂದ ನೀರು ಹೊರಬರುವ ಪೈಪನ್ನು ಬೆರಳಿಂದ ಮುಟ್ಟಿ ನೋಡಿದರು. ಬೆಚ್ಚಗಿತ್ತು, ಅಷ್ಟೇ. ಸಮಾಧಾನವಾಯಿತು. ಮತ್ತೊಮ್ಮೆ ಮುಟ್ಟಿದರು, ಆಗಲೂ ಬೆಚ್ಚಗೇ. ಕುದಿನೀರಲ್ಲಿ ಬೆಂದ ಬೆರಳಿಗೆ ಎಲ್ಲವೂ ಬೆಚ್ಚಗೇ ಎಂಬುದನ್ನು ಅವರು ಮರೆತಿದ್ದರು. ಹುಟ್ಟಿದಾರಭ್ಯ ನಂಬಿದ ಬೆರಳು, ಅದನ್ನು ಅನುಮಾನಿಸುವುದು ಯಾರಿಗೆ ತೋಚೀತು. ಆಮೇಲೆ ಯಾವುದೋ ಕಾರಣಕ್ಕೆ ಬಗ್ಗಿದಾಗ ಮೊಣಕೈ ಹತ್ತಿರದ ತೋಳು ಅದೇ ಪೈಪಿಗೆ ತಗುಲಿತು. ಚುರ್ರೆಂದು ಚರ್ಮ ಸುಲಿದುಹೋಯಿತು.

ಆಗ ಪೂಜೆಯೂ ನೆನಪಾಗಲಿಲ್ಲ, ಊರೂ ನೆನಪಾಗಲಿಲ್ಲ. ಟವೆಲು ತೆಗೆದು ಬಲವಾಗಿ ಉಜ್ಜಿದರು. ಕುಂಕುಮ ಗಾಜಿನ ಮೇಲೆ ಕೆಂಪಗೆ ಹರಡಿ ಬಿಟ್ಟುಕೊಂಡಿತು. ಒಳಗೆ ಬುಗುರಿ ತಳದಲ್ಲಿ ಬಿದ್ದಿತ್ತು.

ಕರೆಂಟು ತೆಗೆಯಿರಿ ಎಂದು ಅವರು ಕೂಗಿದ ಕೂಗು ಗೇಟಿನವರೆಗೂ ಕೇಳಿಸಿತಂತೆ. ಲಿಂಗಯ್ಯ ಸ್ವಿಚ್ಚು ಎಳೆದರು, ಏನು ಎತ್ತ ಎಂದು ಕೇಳದೆ ಕುಲುಮೆಯನ್ನು ಬಾಗಿಸಿ ಕರಗಿದ್ದಷ್ಟನ್ನೂ ಮರಳಿನ ಗುಂಡಿಗೆ ಸುರಿದರು. ಅವರ ಜೊತೆ ಕಟ್ಟೆಯ ಮೇಲೆ ಇನ್ನಿಬ್ಬರು ಇದ್ದರು. ಎಲ್ಲ ಆರಿದ ಮೇಲೆ ಪ್ರತಿಮಾ ಬಿಚ್ಚಿ ನೋಡಿದರೆ, ಮೂರನೆಯ ದಾರಿಯ ಬಾಯಲ್ಲಿ ಕಸ ತಡೆಯಲು ಇಟ್ಟ ಜಾಲರಿಯಲ್ಲಿ ತೊಟ್ಟಿಯ ಪಾಚಿಯೂ ಸುಣ್ಣದ ಚೂರೂ ಗಟ್ಟಿಯಾಗಿ ಕೂತಿದ್ದವು. ತಾಮ್ರ ಕಪ್ಪಾಗಿತ್ತು, ಮೇಲಿನ ಹೊದಿಕೆ ಸುಟ್ಟಿತ್ತು. ತೂತು ಬಿದ್ದಿರಲಿಲ್ಲ. ನೀರು ಕಾದರೆ ತಾನಾಗಿ ಕರೆಂಟು ತೆಗೆಯುವ ಸ್ವಿಚ್ಚೂ ಅಲ್ಲಿದೆ. ಅದು ಆರೂ ದಾರಿಯ ನೀರು ಒಂದಾದ ಮೇಲೆ ಬಿಸಿ ನೋಡುತ್ತದೆ, ಐದು ದಾರಿಯ ತಣ್ಣೀರಿನಲ್ಲಿ ಒಂದರ ಬಿಸಿ ಅದಕ್ಕೆ ತಿಳಿದಿರಲಿಲ್ಲ. ದಾರಿಗೊಂದರಂತೆ ಸ್ವಿಚ್ಚು ಹಾಕಿಸಬೇಕೆಂದು ಪ್ರತಿಮಾ ಅವತ್ತಿನಿಂದ ಕೇಳುತ್ತಿದ್ದಾರೆ. ಹೊಸ ಕುಲುಮೆ ತರುವಾಗ ನೋಡೋಣ ಎಂಬ ಉತ್ತರ ಬಂದಿದೆ.

ಮಾಲೀಕರು ಬಂದು ಹಬೀಬ್ ಅವರ ಬೆನ್ನು ತಟ್ಟಿದರು. ಹೊಗಳಿಕೆ ಕೇಳುವಷ್ಟು ಹೊತ್ತೂ ಅವರು ನೆಲ ನೋಡುತ್ತ ನಿಂತಿದ್ದರು. ಒರೆಸದೆ ತಾನು ಕಾದು ನಿಂತದ್ದು ತನಗೊಬ್ಬನಿಗೇ ಗೊತ್ತು ಎಂಬ ಸಂಕಟ. ಪ್ರತಿಮಾ ಮುಂದೆ ಮಾತ್ರ ಹೇಳಿಕೊಂಡರು. ಇನ್ನು ಮುಂದೆ ಪೈಪನ್ನು ಬೆರಳಿಂದ ಮುಟ್ಟಬೇಡಿ, ಮುಂಗೈ ತಾಗಿಸಿ ನೋಡಿ ಎಂದು ಅವರು ಹೇಳಿಕೊಟ್ಟರು. 

"ಮೂರು ಜನ ನಿಂತಿದ್ರು ಮ್ಯಾಲೆ. ಮೂವರ್ಗೂ ಹೆಂಡ್ತಿ ಮಕ್ಳು ಅವ್ರೆ" ಎಂದು ಹಬೀಬ್ ಹೇಳುವಾಗ ದನಿ ಇಳಿಯುತ್ತದೆ. "ನಾನು ಯಾರೇನಂದಾರು ಅಂತ ಒಸಿ ಹೊತ್ತು ಕಾದೆ. ಆ ಒಸಿ ಹೊತ್ತು ಇನ್ನೂ ನನ್ ಎದೆ ಮ್ಯಾಲೆ ಕುಂತೈತೆ."

ಅದಾದ ಮೇಲಿನ ವರ್ಷ ಹೇಗೆ ಕಳೆಯಿತೆಂದು ಕೇಳಿದರೆ ಲಿಂಗಯ್ಯನವರ ಹೆಸರು ಬರುತ್ತದೆ. ಮೊದಲೆಲ್ಲ ಇಬ್ಬರೂ ಒಂದೇ ಬೆಂಚಿನಲ್ಲಿ ಬುತ್ತಿ ಬಿಚ್ಚುತ್ತಿದ್ದರು, ಲಿಂಗಯ್ಯನವರ ಮನೆಯ ಹುರುಳಿಕಾಳಿನ ಬಸ್ಸಾರು ಇವರಿಗೆ, ಮಜೀದಾ ಮಾಡಿದ ಕೊಬ್ಬರಿ ಚಟ್ನಿ ಅವರಿಗೆ. ಆ ಘಟನೆಯ ಮೇಲೆ ಲಿಂಗಯ್ಯ ಮಾತು ಕಡಿಮೆ ಮಾಡಿದರು. ಜಗಳವಿಲ್ಲ, ಸಿಡುಕಿಲ್ಲ, ಕೆಲಸಕ್ಕೆ ಬೇಕಾದಷ್ಟು ಮಾತು ಇದ್ದೇ ಇದೆ. ಬುತ್ತಿ ಮಾತ್ರ ಕಟ್ಟೆಯ ಮೇಲೇ ಮುಗಿಸಿಬಿಡುತ್ತಾರೆ. ಕುಂಕುಮ ಒರೆಸಿದ್ದಕ್ಕೇ ನೊಂದುಕೊಂಡಿದ್ದಾರೆ ಎಂದು ಹಬೀಬ್ ನಿಶ್ಚಯ ಮಾಡಿಕೊಂಡರು. ಕೇಳಿಬಿಡಿ, ಒಂದು ಮಾತಿನಲ್ಲಿ ಮುಗಿಯುತ್ತದೆ ಎಂದು ಮಜೀದಾ ಎಷ್ಟೋ ಸಲ ಹೇಳಿದರು. ಕೇಳಲು ಹೋಗಿ ಹೌದು ಎಂದುಬಿಟ್ಟರೆ ಗತಿಯೇನು ಎಂದು ಇವರು ಬಾಯಿ ಬಿಡಲಿಲ್ಲ.

ಈಗ ಮತ್ತೆ ಆಯುಧಪೂಜೆ. ಮತ್ತೆ ತೊಟ್ಟಿ ಕೆರೆಯುತ್ತಾರೆ, ಮತ್ತೆ ಲಿಂಗಯ್ಯ ತಟ್ಟೆ ಹಿಡಿದು ಬರುತ್ತಾರೆ. ಗಾಜಿಗೆ ಹಚ್ಚಬೇಡಿ ಎಂದು ಯಾರಾದರೂ ಹೇಳಲೇಬೇಕು. ಪ್ರತಿಮಾ ನೋಟಿಸು ಅಂಟಿಸುತ್ತೇನೆ ಎಂದರು. ಹಬೀಬ್ ಕೈಮುಗಿದು ಬೇಡವೆಂದರು. ತಾನೇ ಹಿಂದೆ ನಿಂತು ಬರೆಸಿದ್ದು ಎಂದುಕೊಂಡರೆ ಇರುವ ನಾಲ್ಕು ಮಾತೂ ಹೋಗುತ್ತದೆ ಎಂಬ ಹೆದರಿಕೆ. ಹೇಳುವುದಾದರೆ ತಾನೇ ಹೇಳಬೇಕು. ಬಸ್ಸಿನಲ್ಲಿ ಬರುತ್ತ ಹೋಗುತ್ತ ಆ ಮಾತನ್ನು ಮನಸ್ಸಿನಲ್ಲೇ ನೂರು ತರದಲ್ಲಿ ಜೋಡಿಸಿ ನೋಡಿದ್ದಾರೆ, ಒಂದೂ ಸರಿಬಂದಿಲ್ಲ.

ಪೂಜೆಯ ದಿನ ಶೆಡ್ಡಿನಲ್ಲಿ ಊದುಬತ್ತಿಯ ಹೊಗೆ ತುಂಬಿದೆ. ಲೇತಿಗೆ, ಮೋಟರಿಗೆ, ಕುಲುಮೆಗೆ ಪೂಜೆಯಾಗಿದೆ. ಹಬೀಬ್ ಬೋರ್ಡಿನ ಪಕ್ಕ ಗೋಡೆಗೆ ಆತು ನಿಂತಿದ್ದಾರೆ, ಕೈಯಲ್ಲಿ ಟವೆಲನ್ನು ಹಗ್ಗದಂತೆ ಹೊಸೆಯುತ್ತಿದ್ದಾರೆ. ಲಿಂಗಯ್ಯ ತಟ್ಟೆ ಹಿಡಿದು ಬೋರ್ಡಿನ ಮುಂದೆ ಬರುತ್ತಾರೆ. ಬಂದವರು ನಿಂತುಬಿಡುತ್ತಾರೆ. ಹಬೀಬ್ ಬಾಯಿ ತೆರೆಯುತ್ತಾರೆ, ಜೋಡಿಸಿಟ್ಟ ಮಾತೊಂದೂ ಹೊರಡುವುದಿಲ್ಲ.  ಲಿಂಗಯ್ಯ ಗಾಜನ್ನು ನೋಡುತ್ತಾರೆ, ತಟ್ಟೆಯನ್ನು ನೋಡುತ್ತಾರೆ.

"ಸುಮ್ಕೆ ನಿಂತ್ಕಂಡ್ರೆ ಎಂಗೆ ಸಾಬ್ರೆ" ಎನ್ನುತ್ತಾರೆ ಕೊನೆಗೆ. "ಎಲ್ಲಿ ಇಕ್ಕಬೇಕು ಯೋಳಿ. ಓದ್ ಸಲ ನಾನು ಕುರುಡನಂಗೆ ಇಕ್ಬುಟ್ಟೆ."

ಹಬೀಬ್ ಗೋಡೆ ಬಿಟ್ಟು ಮುಂದೆ ಬರುತ್ತಾರೆ. ಬೆರಳಿನಿಂದ ಚೌಕಟ್ಟಿನ ಮೇಲಿನ ಕಬ್ಬಿಣದ ಪಟ್ಟಿಯನ್ನು ತೋರಿಸುತ್ತಾರೆ. ಲಿಂಗಯ್ಯ ಅಲ್ಲಿ ಆರು ಬೊಟ್ಟು ಇಟ್ಟು, ಹಾರವನ್ನು ಗಾಜಿಗೆ ಇಳಿಬೀಳದಂತೆ ಮೇಲೆಯೇ ಗಂಟು ಹಾಕುತ್ತಾರೆ. ಕುಂಕುಮದ ಒಂದು ಹುಡಿ ನಾಲ್ಕನೆಯ ಗಾಜಿನ ಮೇಲೆ ಉದುರುತ್ತದೆ. ಅದನ್ನು ಒರೆಸಿ ಎಂದು ಲಿಂಗಯ್ಯನವರೇ ಕಣ್ಸನ್ನೆ ಮಾಡುತ್ತಾರೆ, ಎಲ್ಲರೂ ನೋಡುತ್ತಿರುವಾಗ ಹಬೀಬ್ ಟವೆಲು ಹಚ್ಚಿ ಒರೆಸುತ್ತಾರೆ. ಬಾಳೆಹಣ್ಣು ಕೈಗಿಡುವಾಗ ಲಿಂಗಯ್ಯ ಹೇಳಿದ್ದು ಬೇರೆಯವರಿಗೆ ಕೇಳಿಸಲಿಲ್ಲ. ಆಮೇಲೆ ಹಬೀಬ್ ಬಾಯಿಂದಲೇ ತಿಳಿದದ್ದು: ತನ್ನ ಕೈಯಾರೆ ಮೂರು ಜೀವ ಹೋಗುತ್ತಿದ್ದವಲ್ಲ ಎಂದು ಲಿಂಗಯ್ಯ ವರ್ಷವಿಡೀ ಮುಖ ಎತ್ತಲಾರದೆ ಇದ್ದರಂತೆ. ಹಬೀಬ್ ತನ್ನ ಮೇಲೆ ಮುನಿದಿದ್ದಾರೆ ಎಂದೇ ಅವರೂ ತಿಳಿದಿದ್ದರಂತೆ. ಇಬ್ಬರು ದೊಡ್ಡ ಗಂಡಸರು ಹತ್ತು ಮಾರು ದೂರದಲ್ಲಿ ನಿಂತು ಒಂದು ವರ್ಷ ಹೀಗೆ ಬೆಂದದ್ದಕ್ಕೆ ಮಜೀದಾ ಮನೆಯಲ್ಲಿ ಹಣೆ ಹಣೆ ಚಚ್ಚಿಕೊಂಡರಂತೆ.

ಮಾತು ತಿಳಿಯಾಯಿತು, ಹೆದರಿಕೆ ತಿಳಿಯಾಗಲಿಲ್ಲ. ಈ ಸಲ ತೊಟ್ಟಿ ಕೆರೆದ ಮೇಲೆ ಹಬೀಬ್ ಮುಂದೆ ನಿಂತು ತಳದ ಹಕ್ಕಳೆಯನ್ನೆಲ್ಲ ಬಾಚಿಸಿದ್ದಾರೆ, ಪ್ರತಿಮಾ ಆರೂ ಜಾಲರಿ ಬಿಚ್ಚಿ ತೊಳೆದಿದ್ದಾರೆ. ಆದರೂ ಒಂದು ಚೂರು ಎಲ್ಲಾದರೂ ಉಳಿದಿದ್ದರೆ ಎಂಬ ಯೋಚನೆ ರಜೆಯ ದಿನವಿಡೀ ಅವರನ್ನು ಕೂರಲು ಬಿಡಲಿಲ್ಲ.

ರಜೆ ಮುಗಿದ ಬೆಳಗ್ಗೆ. ಮೊದಲ ಕರಗಿಸುವಿಕೆಗೆ ಎಲ್ಲ ಸಿದ್ಧ. ಸೂಪರ್‌ವೈಸರ್ ಅಶ್ವಥ್ ಅವರಿಗೆ ಅವಸರವಿದೆ, ಮಧ್ಯಾಹ್ನದೊಳಗೆ ಕಾರಿನ ಕಾರ್ಖಾನೆಗೆ ಮಾಲು ಹೋಗಬೇಕು, ಲಾರಿ ಆಗಲೇ ಗೇಟಿನಲ್ಲಿ ಬಂದು ನಿಂತಿದೆ. ಹಬೀಬ್ ಆರೂ ಬುಗುರಿ ಎಬ್ಬಿಸಿ, ಒಂದೊಂದನ್ನೇ ಆಡಿಸಿ ನೋಡುತ್ತಾರೆ. ಐದನೆಯದು ಗೆರೆಯ ಹತ್ತಿರ ಬಂದು ನಡುಗುತ್ತದೆ. ಇಳಿಯುವುದಿಲ್ಲ, ನಿಲ್ಲುವುದೂ ಇಲ್ಲ, ಸುಮ್ಮನೆ ನಡುಗುತ್ತದೆ. ಲಿಂಗಯ್ಯನವರ ಕೈ ಆಗಲೇ ಸ್ವಿಚ್ಚಿನ ಮೇಲಿದೆ.

"ತಡೀರಿ" ಎನ್ನುತ್ತಾರೆ ಹಬೀಬ್. ದನಿ ಜೋರಿಲ್ಲ.

ಲಿಂಗಯ್ಯ ಸ್ವಿಚ್ಚಿನಿಂದ ಕೈ ತೆಗೆದು ಕಟ್ಟೆಯಿಂದ ಇಳಿಯುತ್ತಾರೆ. ಅಶ್ವಥ್ ಏನೋ ಹೇಳಹೊರಟು, ಲಿಂಗಯ್ಯನವರ ಮುಖ ನೋಡಿ, ಮರಳಿನ ಚೀಲದ ಮೇಲೆ ಕೂತುಬಿಡುತ್ತಾರೆ. ಹಬೀಬ್ ಐದನೆಯ ದಾರಿಯ ನೀರು ನಿಲ್ಲಿಸಿ ಜಾಲರಿ ಬಿಚ್ಚುತ್ತಾರೆ. ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಾರೆ. ಸ್ವಚ್ಛವಾಗಿದೆ, ಏನೂ ಇಲ್ಲ. ಮತ್ತೆ ಕೂರಿಸಿ ನೀರು ಬಿಡುತ್ತಾರೆ. ನಾಲ್ಕಾರು ಗುಳ್ಳೆಗಳು ಸರಸರನೆ ಮೇಲೆ ಹೋಗುತ್ತವೆ, ಬುಗುರಿ ಕುಣಿದು, ಸಾವಧಾನವಾಗಿ, ಗೆರೆಯ ಮೇಲೆ ನೆಲೆಗೊಳ್ಳುತ್ತದೆ. ಹೊಸ ನೀರಿನ ಗಾಳಿ, ಅಷ್ಟೇ. ಹಬೀಬ್ ಅಷ್ಟಕ್ಕೆ ಬಿಡುವುದಿಲ್ಲ. ಮೊದಲನೆಯದರಿಂದ ಮತ್ತೆ ಶುರುಮಾಡಿ ಆರನ್ನೂ ಆಡಿಸುತ್ತಾರೆ. ಪೈಪುಗಳಿಗೆ ಒಂದೊಂದಾಗಿ ಮುಂಗೈ ತಾಗಿಸುತ್ತಾರೆ. ಶೆಡ್ಡಿಗೆ ಶೆಡ್ಡೇ ಅವರನ್ನು ನೋಡುತ್ತ ನಿಂತಿದೆ, ಗೊಣಗುವವರಿಲ್ಲ. ಆಮೇಲೆ ಕೈ ಎತ್ತುತ್ತಾರೆ. ಲಿಂಗಯ್ಯ ಕಟ್ಟೆ ಹತ್ತಿ ಕರೆಂಟು ಕೊಡುತ್ತಾರೆ.

ಟೀ ಬಿಡುವಿನಲ್ಲಿ, ಏನೂ ಇಲ್ಲದ್ದಕ್ಕೆ ಲಾರಿಯನ್ನು ಕಾಯಿಸಿದಂತಾಯಿತಲ್ಲ, ಮುಜುಗರವಾಗಲಿಲ್ಲವೇ ಎಂದು ಕೇಳಿದರೆ, ಹಬೀಬ್ ಬೋರ್ಡಿನ ಮೇಲಿಂದ ಕಣ್ಣು ಕೀಳದೆಯೇ ಉತ್ತರಿಸುತ್ತಾರೆ.

"ಏನೂ ಇರ್ಲಿಲ್ಲ, ದಿಟ. ನಾಳೆ ನಡುಗಿದ್ರೆ ನಾಳೇನೂ ನಿಲ್ಲಿಸ್ತೀನಿ. ನಂಗೆ ಭಯ ಹೋಗಿಲ್ಲ, ಹೋಗೋದೂ ಬ್ಯಾಡ. ಈಗ ನಾನು ತಡೀರಿ ಅಂದ್ರೆ ತಡೀತಾರೆ, ಯಾಕೆ ಅಂತ ಆಮ್ಯಾಕೆ ಕೇಳ್ತಾರೆ. ನಂಗಷ್ಟು ಸಾಕು."